ವೈನಿ, ಹಿಂಡಿ ಬ್ರೆಡ್ ಹಿಂಗ ಮಾಡ್ರಿ

ಲೆಸ್ಟರ್, ಇಂಗ್ಲೆಂಡ್

ವೈನಿಯವರಿಗೆ ನಿಮ್ಮ ನಾದಿನಿಯ ನಮಸ್ಕಾರಗಳು. ನಾವಿಲ್ಲಿ ಆರಾಮ ಇದ್ದೀವಿ, ನೀವೆಲ್ಲಾರೂ ಆರಾಮ ಇದ್ದೀರಿ ಅಂದ್ಕೊಂಡೀನಿ.

ಹುಡುಗರು ಸಾಲಿ ಡಬ್ಬಿಗೆ ಸ್ಯಾಂಡ್‌ವಿಚ್ಚೇ ಬೇಕು ಅಂತ ಹಟ ಹಿಡದಾರ, ಮೇಯೊನೀಸ್ ಯಾವುದು ತರ್ಲಿ ಅಂತ ಫೋನಿನ್ಯಾಗ ಕೇಳಿದ್ರಿ. ಯಾವುದೂ ತರಬ್ಯಾಡ್ರಿ. ಶೇಂಗಾ ಹಿಂಡಿ (ಚಟ್ನಿಪುಡಿ), ಕೆಂಪು ಮೆಣಸಿನಕಾಯಿ ರಂಜಕ, ಕಡ್ಲಿಹಿಟ್ಟಿನ ಝುಣಕದ ವಡಿ ಮನ್ಯಾಗ ಇರೋವಾಗ ಬ್ರೆಡ್ಡಿಗೆ ಬ್ಯಾರೆ ಏನೂ ಬೇಕಾಗಿಲ್ಲ. ಅವ್ವ ನಮಗ ಸಣ್ಣವರಿದ್ದಾಗ ಕಟ್ಟಿಕೊಡ್ತಿದ್ದ ಬ್ರೆಡ್ ಇವೇ. ಅಕಿ ಕೈ ಅಳತಿಲೆ ಮಾಡಿದ್ದನ್ನ ನಿಮ್ಮ ಸಲುವಾಗಿ ಚಮಚ, ವಾಟಗದ ಲೆಕ್ಕಕ್ಕ ಇಳಿಸಿ ಬರದೀನಿ. ಬರೇ ಚಮಚ ಅಂದ್ರ ಊಟದ ದೊಡ್ಡ ಚಮಚ, ಸಣ್ಣ ಚಮಚ ಅಂದ್ರ ಚಹಾದ್ದು, ವಾಟಗ ಅಂದ್ರ ಬಟ್ಟಲ.

ಎಲ್ಲಾದಕ್ಕೂ ಮೊದಲ ಬೆಣ್ಣಿ. ಬ್ರೆಡ್ ನೀರು ಕಂಡ್ರ ಹೀರ್ಕೋತದ, ಮುಂಜಾನೆ ಕಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಮುದ್ದಿ ಆಗೋದು ಅದಕ್ಕ. ಬೆಣ್ಣಿ ಹಚ್ಚಿದ್ರ ನೀರು ಒಳಗ ಇಳಿಯೂದಿಲ್ಲ, ಮ್ಯಾಲ ಉದುರಿಸಿದ ಪುಡಿನೂ ಹಿಡ್ಕೊಂಡು ಕೂಡತದ. ಅಂಚಿನ ತನಕ ಹಚ್ಚರಿ. ನಡುವ ಅಷ್ಟ ಹಚ್ಚಿದ್ರ ಅಂಚಿನಿಂದ ತೊಯ್ಯಾಕ ಸುರು ಆಗತದ. ಒಂದು ಹೋಳಿಗೆ ಒಂದು ಸಣ್ಣ ಚಮಚ ಸಾಕು. ಫ್ರಿಜ್ಜಿನಿಂದ ತಗದ ಗಟ್ಟಿ ಬೆಣ್ಣಿ ಎಳದ್ರ ಬ್ರೆಡ್ ಹರೀತದ, ಅರ್ಧ ತಾಸು ಮೊದಲ ಹೊರಗ ಇಡ್ರಿ. ಬೇಕರಿಯಿಂದ ಆಗಷ್ಟ ತಂದ ಬ್ರೆಡ್‌ಗಿಂತ ಹಿಂದಿನ ದಿನದ ಬ್ರೆಡ್ ಛಲೋ, ಕೈಯಾಗ ಗಟ್ಟಿ ನಿಲ್ಲತದ.

ಇಲ್ಲಿಯವರೂ ಇದನ್ನ ಚೆನ್ನಾಗಿ ಬಲ್ಲರು. ಬಿಳಿ ಬ್ರೆಡ್ಡಿಗೆ ದಪ್ಪಗ ಬೆಣ್ಣಿ ಹಚ್ಚಿ, ನಡುವ ಬಿಸಿ ಬಿಸಿ ಕರಿದ ಬಟಾಟಿ ತುಂಬಿ, ಉಪ್ಪು, ವಿನೆಗರ್ ಉದುರಿಸಿ ತಿಂತಾರ. ಚಿಪ್ ಬಟಿ ಅಂತಾರ. ಪ್ಯಾಕೆಟ್ಟಿನ ಬಟಾಟಿ ಕ್ರಿಸ್ಪ್ಸ್ ಬೆಣ್ಣಿ ಬ್ರೆಡ್ಡಿನ ನಡುವ ಇಟ್ಟು ಅಂಗೈಲೆ ಒತ್ತಿ ಕಡಿಯೋದೂ ಅದ. ದೊಡ್ಡವರಾದ ಮ್ಯಾಲೂ ಅವನ್ನ ನೆನೆಸಿ ನೆನೆಸಿ ಮಾಡ್ಕೋತಾರ. ಹಿಂಡಿ ಬ್ರೆಡ್ ಅವಕ್ಕ ಏನೂ ಕಡಿಮಿ ಅಲ್ಲ.

ಮೊದಲ ಶೇಂಗಾ ಹಿಂಡಿದು. ಕಾಲು ಕಿಲೋ ಶೇಂಗಾ ಸಣ್ಣ ಉರಿಯೊಳಗ 12-15 ನಿಮಿಷ ಹುರೀರಿ. ಒಂದು ಕಾಳು ತಗದು ತಿಕ್ಕಿದ್ರ ಸಿಪ್ಪಿ ತಾನ ಬಿಡಬೇಕು, ಒಳಗ ತಿಳಿ ಕಂದು ಬಣ್ಣ ಇರಬೇಕು. ಉರಿ ದೊಡ್ಡದು ಮಾಡಿದ್ರ ಮ್ಯಾಲ ಕರಿ ಆಗಿ ಒಳಗ ಹಸಿ ಉಳೀತದ, ಹಿಂಡಿ ಒಗರ ಬರ್ತದ. ಪೂರ್ತಿ ಆರಿದ ಮ್ಯಾಲ ಸಿಪ್ಪಿ ತೂರಿ, 8-10 ಎಸಳು ಬಳ್ಳೊಳ್ಳಿ, ಒಂದು ಸಣ್ಣ ಚಮಚ ಜೀರಗಿ, ಒಂದು ಚಮಚ ಬ್ಯಾಡಗಿ ಖಾರದ ಪುಡಿ, ಒಂದೂವರೆ ಸಣ್ಣ ಚಮಚ ಉಪ್ಪು ಹಾಕಿ ಕುಟ್ರಿ. ಮಿಕ್ಸರ್ ಆದ್ರ ಬಿಟ್ಟು ಬಿಟ್ಟು ತಿರುಗಿಸ್ರಿ. ಒಂದೇ ಸಮ ಓಡಿಸಿದ್ರ ಬಿಸಿ ಆಗಿ ಶೇಂಗಾ ಎಣ್ಣಿ ಬಿಡತದ. ರೊಟ್ಟಿ ಜೋಡಿ ತಿನ್ನೋ ಹಿಂಡಿಗೆ ಎಣ್ಣಿ ಬಿಡೋದು ಬ್ಯಾಡ. ಆದ್ರ ಬ್ರೆಡ್ಡಿಗೆ ಅಂತ ಮಾಡೋವಾಗ ಕಡೀಕ ನಾಕು ಸುತ್ತು ಹೆಚ್ಚಿಗಿ ತಿರುಗಿಸ್ರಿ. ಬೆರಳಾಗ ಒತ್ತಿದ್ರ ಉಂಡಿ ಕಟ್ಟೂವಷ್ಟು ಹಸಿ ಆದ್ರ ಸಾಕು, ಆಮ್ಯಾಲ ಅದು ಉದುರೋದು ಕಡಿಮಿ.

ಆದ್ರೂ ಬರೇ ಪುಡಿ ಹಾಕಿದ್ರ ಹುಡುಗರಿಗೆ ಗಂಟಲು ಹಿಡೀತದ, ಅಂಗಿ ಮ್ಯಾಲ ಉದುರತದ. ಅದಕ್ಕ ಮೂರು ಚಮಚ ಹಿಂಡಿಗೆ ಎರಡು ಚಮಚ ಮೆತ್ತನ ಬೆಣ್ಣಿ ಕಲಸಿ ಹಚ್ಚರಿ, ನಾಕು ಹೋಳಿಗೆ ಆಗತದ. ಬೆಣ್ಣಿ ಆಗಲೇ ಹಿಂಡಿಯೊಳಗ ಇರೋದರಿಂದ ಇದಕ್ಕ ಮತ್ತ ಬೆಣ್ಣಿ ಹಚ್ಚೋದು ಬ್ಯಾಡ. ಮೊಸರಾಗ ಕಲಸಿದ್ರ ರುಚಿ ಇನ್ನೂ ಛಲೋ, ಆದ್ರ ಅದನ್ನ ಮನ್ಯಾಗ ಕೂತು ಆಗಿಂದಾಗ ತಿನ್ನಬೇಕು. ಡಬ್ಬಿಗೆ ಹಾಕಿದ್ರ ತಾಸಿನೊಳಗ ಬ್ರೆಡ್ ತೊಯ್ದು ಕೈಗೆ ಬರ್ತದ. ಹಸಿ ಉಳ್ಳಾಗಡ್ಡಿನೂ ಡಬ್ಬಿಗೆ ಬ್ಯಾಡ, ನೀರು ಬಿಡತದ, ಮುಚ್ಚಳ ತಗದ್ರ ವಾಸನಿ ಬಡೀತದ. ಅಗಸಿ ಹಿಂಡಿ, ಗುರೆಳ್ಳು ಹಿಂಡಿಗೂ ಇದೇ ಅಳತಿ ನಡೀತದ. ಆದ್ರ ಗುರೆಳ್ಳು ಸ್ವಲ್ಪ ಕಹಿ ಇರತದ, ಒಂದು ಚಿಟಿಕಿ ಬೆಲ್ಲ ಕೂಡಸ್ರಿ.

ರಂಜಕದ ಬ್ರೆಡ್ ದೊಡ್ಡ ಹುಡುಗನಿಗೆ ಕೊಡ್ರಿ, ಸಣ್ಣಾಕಿಗೆ ಇನ್ನೊಂದೆರಡು ವರ್ಷ ಬಿಡ್ರಿ. ಕೆಂಪು ಹಸಿ ಮೆಣಸಿನಕಾಯಿ ಸಂತಿಗೆ ಬರೋ ಚಳಿಗಾಲದಾಗ ಮಾಡಿಡ್ರಿ. ಕಾಲು ಕಿಲೋ ಕಾಯಿ ತೊಳದು, ಅರಬಿಲೆ ಒರಸಿ, ಹನಿ ನೀರು ಇಲ್ಲಧಂಗ ನೆರಳಾಗ ಆರಿಸಿ ತೊಟ್ಟು ತಗೀರಿ. ತೊಟ್ಟು ಮೊದಲ ತಗದು ತೊಳದ್ರ ನೀರು ಒಳಗ ಹೋಗತದ, ರಂಜಕಕ್ಕ ಬೂಸ್ಟು ಬರೋದು ಅದರಿಂದನ. ಎರಡು ಗಡ್ಡಿ ಬಳ್ಳೊಳ್ಳಿ, 40 ಗ್ರಾಂ ಉಪ್ಪು, ಹುರಿದು ಪುಡಿ ಮಾಡಿದ ಒಂದು ಸಣ್ಣ ಚಮಚ ಮೆಂತ್ಯ, ಚೂರು ಇಂಗು ಕೂಡಿಸಿ ತರಿತರಿ ರುಬ್ಬಿ, ನಾಕು ಲಿಂಬಿಹಣ್ಣಿನ ರಸ ಹಿಂಡ್ರಿ. ವಿಜಯಪುರ ಜಿಲ್ಲಾದ ಇಂಡಿ ಲಿಂಬಿ ನಿಮ್ಮ ಕೈಯಾಗೇ ಅದ. ಗಾಜಿನ ಬಾಟಲಿಯೊಳಗ ಮೂರು ದಿನ ಬಿಟ್ಟು ಆಮ್ಯಾಲ ಮುಟ್ಟರಿ. ಮೊದಲ ದಿನ ಹಸಿ ಖಾರ ನಾಲಿಗಿಗೆ ಹೊಡೀತದ, ಮೂರನೇ ದಿನಕ್ಕ ಹುಳಿ, ಉಪ್ಪು ಕೂಡಿ ಹದಕ್ಕ ಬರ್ತದ.

ಎರಡೂ ಹೋಳಿಗೆ ಬೆಣ್ಣಿ, ಒಂದಕ್ಕಷ್ಟ ಅರ್ಧ ಸಣ್ಣ ಚಮಚ ರಂಜಕ, ತೆಳ್ಳಗ. ಇದಕ್ಕಿಂತ ಹೆಚ್ಚಿಗಿ ಹಾಕಬ್ಯಾಡ್ರಿ. ಮೆಣಸಿನಕಾಯಿ ಖಾರ ನೀರಿನ್ಯಾಗ ಕರಗೂದಿಲ್ಲ, ಕೊಬ್ಬಿನ್ಯಾಗ ಕರಗತದ. ಅದಕ್ಕ ಬಾಯಿ ಉರದ್ರ ನೀರು ಕುಡದು ಪ್ರಯೋಜನ ಇಲ್ಲ, ಬೆಣ್ಣಿ ಇದ್ರ ಉರಿ ಮೆತ್ತಗ ಆಗತದ. ಬೆಣ್ಣಿ ಇಲ್ಲದ ರಂಜಕ ಬ್ರೆಡ್ ಅಂದ್ರ ಹುಡುಗನಿಗೆ ಶಿಕ್ಷಾ ಕೊಟ್ಟಂಗ.

ಈಗ ಝುಣಕದ ವಡಿ. ನನ್ನ ಕೇಳಿದ್ರ ಡಬ್ಬಿಗೆ ಇದರ ಮುಂದ ಯಾವುದೂ ಇಲ್ಲ. ಬ್ಯಾಸಿಗಿಯಾಗ ಬೆಣ್ಣಿ ಕರಗಿ ಹೋಗೋ ದಿನದಾಗೂ ವಡಿ ಜಾಗಾ ಬಿಟ್ಟು ಕದಲೂದಿಲ್ಲ. ಒಂದು ವಾಟಗ ಕಡ್ಲಿಹಿಟ್ಟು ಜರಡಿ ಹಿಡದು, ಒಂದು ವಾಟಗ ತಣ್ಣೀರಾಗ ಗಂಟು ಇಲ್ಲಧಂಗ ಕಲಸಿ ಇಡ್ರಿ. ಬುಟ್ಟಿಯೊಳಗ (ಬಾಣಲಿಯೊಳಗ) ಮೂರು ಚಮಚ ಎಣ್ಣಿ ಕಾಯಿಸಿ ಸಾಸಿವಿ, ಜೀರಗಿ, ಕರಿಬೇವು, ಜಜ್ಜಿದ ಆರು ಎಸಳು ಬಳ್ಳೊಳ್ಳಿ, ಮೂರು ಹಸಿಮೆಣಸಿನಕಾಯಿ, ಅರಿಷಿಣ ಹಾಕಿ ಮುಕ್ಕಾಲು ವಾಟಗ ನೀರು, ಒಂದು ಸಣ್ಣ ಚಮಚ ಉಪ್ಪು ಕೂಡಿಸ್ರಿ. ಅದು ಕುದಿ ಬಂದ ಮ್ಯಾಲ ಉರಿ ಸಣ್ಣದು ಮಾಡಿ, ಒಂದು ಕೈಲೆ ಹಿಟ್ಟು ಸುರೀತ ಇನ್ನೊಂದು ಕೈಲೆ ತಿರುವಬೇಕು. ಕೈ ನಿಂತ್ರ ಗಂಟು ಕಟ್ಟಿದಂಗ. ಗಟ್ಟಿ ಆತು ಅಂತ ಲಗೂನ ಇಳಿಸಬ್ಯಾಡ್ರಿ; ಮುಚ್ಚಿ, ನಡುನಡುವ ತಿರುವಿ, ಇನ್ನೂ 8-10 ನಿಮಿಷ ಬೇಯಲಿ. ಬುಟ್ಟಿಯ ಬದಿ ಬಿಟ್ಟು ಒಂದೇ ಮುದ್ದಿ ಆಗಿ, ಹಸಿ ಹಿಟ್ಟಿನ ವಾಸನಿ ಹೋಗಿ, ಅಂಚಿಗೆ ಎಣ್ಣಿ ಮಿಂಚಿದ್ರ ಆತು. ಬೇಯದ ಹಿಟ್ಟು ಎಷ್ಟು ಆರಿದ್ರೂ ವಡಿ ಆಗೂದಿಲ್ಲ, ಚಾಕುಗ ಅಂಟತದ.

ಎಣ್ಣಿ ಸವರಿದ ತಾಟಿಗೆ ಬಿಸಿ ಇರೋವಾಗ ಹಾಕಿ, ಒದ್ದಿ ಕೈಲೆ ಅರ್ಧ ಬೆರಳು ದಪ್ಪ ತಟ್ಟಿ, ಒಣ ಕೊಬ್ರಿ ತುರಿ, ಕೊತಂಬ್ರಿ ಉದುರಿಸಿ ಒತ್ರಿ. ಬ್ರೆಡ್ಡಿಗೆ ಅಂತ ಶಂಕರಪಾಳಿ ಆಕಾರ ಬ್ಯಾಡ, ಬ್ರೆಡ್ಡಿನ ಅಳತಿಗೆ ಚೌಕ ಕೊಯ್ರಿ. ಪೂರ್ತಿ ಆರಿದ ಮ್ಯಾಲನ ಒಳಗ ಇಡ್ರಿ. ಬಿಸಿ ವಡಿ ಇಟ್ಟು ಡಬ್ಬಿ ಮುಚ್ಚಿದ್ರ ಹಬಿ ನೀರಾಗಿ ಬ್ರೆಡ್ಡಿಗೆ ಇಳೀತದ. ರಾತ್ರಿ ಮಾಡಿಟ್ಟು ಮುಂಜಾನೆ ಎರಡೂ ಬದಿ ಹಂಚಿನ ಮ್ಯಾಲ ಕೆಂಪಗ ಸುಟ್ಟು, ಆರಿಸಿ ಹಾಕಿದ್ರ ಇನ್ನೂ ಭಾರಿ.

ಕಡಕ್ ರೊಟ್ಟಿದು ಡಬ್ಬಿಗೆ ಅಲ್ಲ, ಮನಿಗೆ. ಸಜ್ಜಿ ಕಡಕ್ ರೊಟ್ಟಿ ಎರಡು ಹೋಳು ಮಾಡಿ, ಒಂದಕ್ಕಷ್ಟ ನೀರು ಚಿಮುಕಿಸಿ ಎರಡು ನಿಮಿಷ ಬಿಡ್ರಿ. ಅದರ ಮ್ಯಾಲ ಗಟ್ಟಿ ಮೊಸರು, ಅಗಸಿ ಹಿಂಡಿ, ಸಣ್ಣಗ ಹೆಚ್ಚಿದ ಉಳ್ಳಾಗಡ್ಡಿ, ಸವತಿಕಾಯಿ. ಒಣ ಹೋಳು ಮ್ಯಾಲ ಮುಚ್ಚಿ ಕೂಡಲೇ ತಿನ್ನಬೇಕು, ಕೆಳಗ ಮೆತ್ತಗ, ಮ್ಯಾಲ ಕಡಕ್. ಮೆತ್ತನ ಜೋಳದ ರೊಟ್ಟಿಯಾಗ ಸುತ್ತೋದಾದ್ರ ಹಂಚಿನಿಂದ ಇಳಿಸಿದ ಕೂಡಲೇ ಸುತ್ರಿ. ಜೋಳದ ಹಿಟ್ಟಿನ್ಯಾಗ ಗೋದಿ ಹಿಟ್ಟಿನ ಅಂಟು ಇಲ್ಲ, ಆರಿದ ರೊಟ್ಟಿ ಮಡಚಿದ್ರ ಸೀಳತದ.

ಸಿಹಿಗೆ ಬೆಲ್ಲ, ತುಪ್ಪ ಸಾಕು. ಹಂಚಿನ ಮ್ಯಾಲ ತುಪ್ಪ ಹಾಕಿ ಬ್ರೆಡ್ ಒಂದು ಬದಿ ಸುಟ್ಟು, ತಿರುವಿ, ತುರಿದ ಬೆಲ್ಲ ಎರಡು ಸಣ್ಣ ಚಮಚ, ಕುಟ್ಟಿದ ಶೇಂಗಾ ಒಂದು ಚಮಚ ಹಾಕಿ ಇನ್ನೊಂದು ಹೋಳು ಮುಚ್ಚಿ ಒತ್ರಿ. ಬೆಲ್ಲ ಕರಗೋ ಹೊತ್ತಿಗೆ ಇಳಿಸ್ರಿ, ತಡಾ ಆದ್ರ ಪಾಕ ಏರಿ ಹಲ್ಲಿಗೆ ಅಂಟತದ. ಅಣ್ಣ ಬೆಳಗಾವಿಗೆ ಹೋದಾಗ ಅಲ್ಲಿಯ ಹಾಲಿನ ಸಿಹಿ ಕುಂದಾ ತಂದ್ರ, ಎರಡು ಚಮಚ ಕುಂದಾಕ್ಕ ಒಂದು ಸಣ್ಣ ಚಮಚ ಬಿಸಿ ಹಾಲು ಹಾಕಿ ಮೆತ್ತಗ ಮಾಡಿ ಹಚ್ಚಿಕೊಡ್ರಿ.

ಸೋಮವಾರಕ್ಕ ಝುಣಕದ ವಡಿಯಿಂದನ ಸುರು ಮಾಡ್ರಿ, ಅದರಾಗ ಹುಡುಗರು ಉಳಿಸಿ ತರೋದು ಕಡಿಮಿ. ಅವ್ವಗ, ಅಪ್ಪಗ, ಅಣ್ಣಗ ನನ್ನ ನಮಸ್ಕಾರ ಹೇಳ್ರಿ. ಬರೋ ಚಳಿಗಾಲದಾಗ ರಂಜಕ ಮಾಡಿದ್ರ ನನಗೂ ಒಂದು ಬಾಟಲಿ ತಗದಿಡ್ರಿ.

ನಿಮ್ಮ ಪ್ರೀತಿಯ ನಾದಿನಿ