ಶಾಸಕರೇ, ಈ ಸಲ ಅನುದಾನದ ಜೊತೆ ಲೆಕ್ಕವನ್ನೂ ಕೇಳಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಬೆಳಗಾವಿಯ ಚಳಿಗಾಲದ ಅಧಿವೇಶನ ಹತ್ತಿರ ಬಂತು. ನೀವು ಸುವರ್ಣ ವಿಧಾನಸೌಧಕ್ಕೆ ಹೊರಡುವ ಮೊದಲೇ ಈ ಪತ್ರ ನಿಮಗೆ ತಲುಪಲಿ ಅಂತ ಬರೆಯುತ್ತಿದ್ದೇನೆ. ಇದರಲ್ಲಿ ಗುಟ್ಟೇನೂ ಇಲ್ಲ, ಹಾಗಾಗಿ ಎಲ್ಲರೂ ಓದಲಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ 41 ವಿಧಾನಸಭಾ ಕ್ಷೇತ್ರಗಳಿವೆ. ನಮ್ಮದು ಅದರಲ್ಲೊಂದು. ಯಾವುದು ಅಂತ ನಿಮಗೆ ಗೊತ್ತು. ಉಳಿದ 40 ಕ್ಷೇತ್ರದವರು ಓದಿ ಇದು ನಮ್ಮದೇ ಕಥೆ ಅಂದುಕೊಂಡರೂ ನನ್ನ ತಕರಾರಿಲ್ಲ.

ನೀವು ಬೆಂಗಳೂರಿಂದ ಬಂದಾಗಲೆಲ್ಲ ಬಸ್ ನಿಲ್ದಾಣದ ಎದುರು ಒಂದು ಫ್ಲೆಕ್ಸ್ ಏಳುತ್ತದೆ. ಇಷ್ಟು ಕೋಟಿ ಅನುದಾನ ತಂದ ಶಾಸಕರಿಗೆ ಹಾರ್ದಿಕ ಅಭಿನಂದನೆಗಳು. ತಂದಿದ್ದು ಒಳ್ಳೆಯದೇ, ಬೇಡ ಅನ್ನುವವರು ಯಾರು? ಆದರೆ ಹೋದ ಸಲ ತಂದ ದುಡ್ಡು ಏನಾಯಿತು ಅಂತ ಹೇಳುವ ಫ್ಲೆಕ್ಸ್ ಮಾತ್ರ ಇನ್ನೂ ಯಾರೂ ಕಟ್ಟಿಸಿಲ್ಲ. ನನ್ನ ಪತ್ರ ಇಷ್ಟಕ್ಕೇ. ಈ ಸಲ ಸಚಿವರ ಹತ್ತಿರ ಲೆಕ್ಕ ಕೇಳಿ.

ಸಚಿವರ ಮುಂದೆ ಶಾಸಕರು ಎರಡು ಥರ ನಿಲ್ಲಬಹುದು. ಲೆಟರ್‌ಹೆಡ್ ಹಿಡಿದು ಅವರ ಕೊಠಡಿಗೆ ಹೋಗಿ, ‘ಅಣ್ಣಾ, ನಮ್ಮ ಕಡೆ ಸ್ವಲ್ಪ ನೋಡಿ’ ಅನ್ನಬಹುದು. ಇಲ್ಲವೇ ಸದನದಲ್ಲಿ ಎದ್ದು ನಿಂತು, ‘ಮಾನ್ಯ ಸಭಾಧ್ಯಕ್ಷರೇ’ ಅಂತ ಶುರು ಮಾಡಬಹುದು. ಕೊಠಡಿಯಲ್ಲಿ ಕೊಡುವುದು ಬಿಡುವುದು ಸಚಿವರ ಮರ್ಜಿ. ಸದನದಲ್ಲಿ ಉತ್ತರ ಕೊಡಲೇಬೇಕು, ಕೊಟ್ಟಿದ್ದು ದಾಖಲೆಗೆ ಹೋಗುತ್ತದೆ. ನಮ್ಮ ಶಾಸಕರಲ್ಲಿ ಬಹಳ ಜನ ಮೊದಲನೆಯದನ್ನೇ ಜಾಸ್ತಿ ಅಭ್ಯಾಸ ಮಾಡಿಕೊಂಡಿದ್ದಾರೆ ಅನ್ನುವುದು ನನ್ನ ಅನಿಸಿಕೆ.

‘ನಮ್ಮದೇ ಸರ್ಕಾರ, ನಮ್ಮದೇ ಮಂತ್ರಿಗಳು, ಎದ್ದು ನಿಂತು ಹೇಗೆ ಕೇಳೋದು’ ಅಂತ ನಿಮ್ಮ ಕಾರ್ಯಕರ್ತರು ಹೇಳುತ್ತಾರೆ. ಸಂವಿಧಾನದ 164ನೇ ವಿಧಿ ಬೇರೆ ಹೇಳುತ್ತದಲ್ಲ ಸಾಹೇಬರೇ. ಸಚಿವ ಸಂಪುಟ ಒಟ್ಟಾಗಿ ವಿಧಾನಸಭೆಗೆ ಹೊಣೆ ಅನ್ನುತ್ತದೆ. ವಿಧಾನಸಭೆ ಅಂದರೆ 224 ಜನ, ಅದರಲ್ಲಿ ನೀವೂ ಒಬ್ಬರು. ವಿರೋಧ ಪಕ್ಷದವರಿಗೆ ಮಾತ್ರ ಉತ್ತರ ಕೊಟ್ಟರೆ ಸಾಕು ಅಂತ ಅಲ್ಲಿ ಬರೆದಿಲ್ಲ. ಇನ್ನೂ ಒಂದು ಮಾತು. ಆಡಳಿತ ಪಕ್ಷದವರೇ ಕೇಳಿದ ಪ್ರಶ್ನೆಯನ್ನು ‘ಇದು ರಾಜಕೀಯ’ ಅಂತ ತಳ್ಳಿಹಾಕಲು ಸಚಿವರಿಗೆ ಆಗುವುದಿಲ್ಲ.

ಸಮಯವೂ ಕಡಿಮೆ ಇದೆ. ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅಂತ ನಮ್ಮ ರಾಜ್ಯ 2005ರಲ್ಲೇ ಕಾನೂನು ಮಾಡಿಕೊಂಡಿತು. ಆ 60 ದಿನ ನಡೆಯುವುದೇ ಅಪರೂಪ. ಬೆಳಗಾವಿಯಲ್ಲಿ ಸಿಗುವುದು ಹೆಚ್ಚೆಂದರೆ ಎರಡು ವಾರ. ಅದರಲ್ಲಿ ಧರಣಿ, ಘೋಷಣೆ, ಸದನದ ಬಾವಿಗೆ ಇಳಿಯೋದು ಎಲ್ಲಾ ಕಳೆದು, ಉತ್ತರ ಕರ್ನಾಟಕದ ಚರ್ಚೆ ಬಹಳ ಸಲ ಕೊನೆಯ ದಿನಗಳಿಗೆ ಜಾರುತ್ತದೆ. ಆಗ ಅರ್ಧ ಕುರ್ಚಿ ಖಾಲಿ ಇರುತ್ತವೆ. ಚರ್ಚೆಯನ್ನೇ ನಂಬಿ ಕೂರಬೇಡಿ. ಪ್ರಶ್ನೋತ್ತರ ವೇಳೆಯನ್ನು ಹಿಡಿಯಿರಿ.

ವಿಧಾನಸಭೆಯ ಪ್ರಶ್ನೋತ್ತರಗಳು ಜಾಲತಾಣದಲ್ಲಿ ಸಿಗುತ್ತವೆ. ಪುರುಸೊತ್ತಿದ್ದಾಗ ಓದುತ್ತೇನೆ, ಒಳ್ಳೆ ಮನರಂಜನೆ. ಎಲ್ಲದಕ್ಕೂ ಒಂದೇ ಅಚ್ಚು. (ಅ) ಇಂಥ ಊರಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: ಬಂದಿದೆ. (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಉತ್ತರ: ಅನುದಾನದ ಲಭ್ಯತೆ ಆಧರಿಸಿ ಕ್ರಮ ಕೈಗೊಳ್ಳಲಾಗುವುದು. ಅಲ್ಲಿಗೆ ಮುಗಿಯಿತು. ಕೇಳಿದವರಿಗೆ ಕೇಳಿದೆ ಅನ್ನುವ ಸಮಾಧಾನ, ಹೇಳಿದವರಿಗೆ ಹೇಳಿದೆ ಅನ್ನುವ ಸಮಾಧಾನ. ಊರಲ್ಲಿ ಕೊಡಗಳು ಸಾಲಾಗಿ ಕೂತೇ ಇರುತ್ತವೆ. ‘ಗಮನಕ್ಕೆ ಬಂದಿದೆಯೇ’ ಅಂತ ಕೇಳಿದರೆ ‘ಬಂದಿದೆ’ ಅನ್ನದೆ ಇನ್ನೇನು ಅನ್ನುತ್ತಾರೆ? ದಯವಿಟ್ಟು ಆ ಸಾಲನ್ನು ನಿಮ್ಮ ಪ್ರಶ್ನೆಯಿಂದ ತೆಗೆದುಬಿಡಿ.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಅಂತ ಹೆಸರಿಟ್ಟರು. 2024ಕ್ಕೆ ಎಲ್ಲ ಹಳ್ಳಿ ಮನೆಗೂ ನಲ್ಲಿ ನೀರು, ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುವುದು ಗುರಿ. ಈಗ ಗಡುವು 2028ಕ್ಕೆ ಹೋಗಿದೆ. ನಮ್ಮ ಕ್ಷೇತ್ರದ ಹಳ್ಳಿಗಳಲ್ಲಿ ಮನೆ ಮುಂದೆ ನೀಲಿ ಪೈಪು ನಿಂತಿದೆ, ತುದಿಗೆ ನಲ್ಲಿಯೂ ಇದೆ. ಕೆಲವು ಓಣಿಗಳಲ್ಲಿ ಆ ಪೈಪಿಗೆ ಎಮ್ಮೆ ಕಟ್ಟುತ್ತಾರೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ ಅನ್ನುವ ಗಾದೆ ಇದೆ. ಅವಳೇನೋ ಬರುತ್ತಾಳೆ, ನೀರೇ ಬರುವುದಿಲ್ಲ.

ಎಷ್ಟು ನಲ್ಲಿ ಹಾಕಿದ್ದೀರಿ ಅಂತ ಕೇಳಿದರೆ ಗ್ರಾಮೀಣಾಭಿವೃದ್ಧಿ ಸಚಿವರು ದೊಡ್ಡ ಸಂಖ್ಯೆ ಓದುತ್ತಾರೆ. ಅದು ಸುಳ್ಳೂ ಆಗಿರುವುದಿಲ್ಲ. ನೀವು ಹೀಗೆ ಕೇಳಿ: ನಮ್ಮ ತಾಲ್ಲೂಕಿನ ಯಾವ ಯಾವ ಹಳ್ಳಿಯಲ್ಲಿ ಕಳೆದ ತಿಂಗಳು ಎಷ್ಟು ದಿನ ನೀರು ಬಿಟ್ಟಿದ್ದೀರಿ? ನೀರಿನ ಮೂಲ ಬೋರ್‌ವೆಲ್ಲೋ, ಕೆರೆಯೋ, ನದಿಯೋ? ಆ ಬೋರ್‌ವೆಲ್ ಏಪ್ರಿಲ್‌ನಲ್ಲೂ ನೀರು ಕೊಡುತ್ತದೆಯೇ? ಕೊನೆಯ ಸಲ ನೀರಿನ ಪರೀಕ್ಷೆ ಯಾವಾಗ ಮಾಡಿಸಿದ್ದು, ಫ್ಲೋರೈಡ್ ಎಷ್ಟಿತ್ತು? ಎಲ್ಲ ಮನೆಗೂ ನೀರು ಬಂತು ಅಂತ ಪ್ರಮಾಣಪತ್ರ ಕೊಡಬೇಕಾದರೆ ಗ್ರಾಮಸಭೆ ಒಪ್ಪಿ ನಿರ್ಣಯ ಮಾಡಬೇಕು. ಆ ನಿರ್ಣಯದ ಪ್ರತಿ ಎಲ್ಲಿದೆ, ಅದಕ್ಕೆ ಸಹಿ ಮಾಡಿದವರು ಯಾರು? ಗುತ್ತಿಗೆದಾರರಿಗೆ ಎಷ್ಟು ಬಿಲ್ ಕೊಟ್ಟಿದ್ದೀರಿ? ಪೈಪ್ ಹಾಕಲು ಅಗೆದ ಸಿಸಿ ರಸ್ತೆಯನ್ನು ಮತ್ತೆ ಮುಚ್ಚಿಸಿದ್ದೀರಾ? ಇವಕ್ಕೆ ‘ಬಂದಿದೆ’ ಅಂತ ಉತ್ತರ ಬರೆಯಲು ಯಾವ ಅಧಿಕಾರಿಗೂ ಆಗುವುದಿಲ್ಲ. ಕೇಂದ್ರದಿಂದ ದುಡ್ಡು ಬಂದಿಲ್ಲ ಅಂತ ಸಚಿವರು ಹೇಳಬಹುದು, ಅದರಲ್ಲಿ ನಿಜವೂ ಇರಬಹುದು. ಆದರೆ ಈ ಯೋಜನೆಯಲ್ಲಿ ಅರ್ಧ ಪಾಲು ರಾಜ್ಯದ್ದೇ. ಆ ಅರ್ಧ ಏನಾಯಿತು ಅಂತ ಉಪಪ್ರಶ್ನೆ ಕೇಳಿ.

ನೀರಿನ ಬಗ್ಗೆ ಇಷ್ಟು ಉದ್ದ ಬರೆಯಲು ಕಾರಣವಿದೆ. ರಾಯಚೂರು ಜಿಲ್ಲೆಯ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಅಂಥ ಜಿಲ್ಲೆಯ ಕೇಂದ್ರದಲ್ಲೇ 2022ರ ಬೇಸಿಗೆಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಕೊಪ್ಪಳ ಜಿಲ್ಲೆಯ ಹಳ್ಳಿಗಳಿಂದಲೂ ಅದೇ ಸುದ್ದಿ ಬಂತು. ಸತ್ತ ಮೇಲೆ ಸಚಿವರು ಬರುತ್ತಾರೆ, ಪರಿಹಾರ ಕೊಡುತ್ತಾರೆ, ತನಿಖೆ ಅನ್ನುತ್ತಾರೆ. ಸಾಯುವ ಮೊದಲು ನೀರಿನ ಪರೀಕ್ಷೆ ವರದಿ ಕೇಳುವ ಅಧಿಕಾರ ನಿಮಗಿದೆ.

ಆಸ್ಪತ್ರೆಯ ಕಥೆ ಬೇರೆ ಥರ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದು ಮಾನದಂಡ. ಕಟ್ಟಡದ ಕೊರತೆ ನಮ್ಮಲ್ಲಿ ಅಷ್ಟಾಗಿ ಇಲ್ಲ, ಬಣ್ಣವೂ ಚೆನ್ನಾಗಿದೆ. ಖಾಲಿ ಹುದ್ದೆ ಎಷ್ಟು ಅಂತ ಕೇಳಿದರೆ ಸಣ್ಣ ಸಂಖ್ಯೆ ಬರುತ್ತದೆ. ಯಾಕೆಂದರೆ ಡಾಕ್ಟರು, ಸ್ಟಾಫ್ ನರ್ಸು, ಲ್ಯಾಬ್ ಟೆಕ್ನಿಷಿಯನ್ನು ಕಾಗದದಲ್ಲಿ ಇಲ್ಲಿಯೇ ಇದ್ದಾರೆ. ಸಂಬಳವೂ ಇಲ್ಲಿನ ಲೆಕ್ಕದಲ್ಲೇ ಆಗುತ್ತದೆ. ಕೆಲಸ ಮಾತ್ರ ಡೆಪ್ಯುಟೇಷನ್ ಮೇಲೆ ಬೇರೆ ಊರಲ್ಲಿ. ಹಾಗಾಗಿ ಖಾಲಿ ಹುದ್ದೆ ಬಿಟ್ಟು, ನಿಯೋಜನೆ ಮೇಲೆ ಹೊರಗೆ ಹೋದವರು ಎಷ್ಟು ಜನ, ಎಷ್ಟು ವರ್ಷದಿಂದ, ಯಾರ ಆದೇಶದ ಮೇಲೆ ಅಂತ ಕೇಳಿ. ಇದರಲ್ಲಿ ಕೆಲವು ಆದೇಶಗಳ ಹಿಂದೆ ಶಾಸಕರ ಶಿಫಾರಸು ಪತ್ರವೇ ಇರುತ್ತದೆ ಅಂತಾರೆ. ಇದ್ದರೆ ಇರಲಿ, ಅದೂ ಹೊರಗೆ ಬರಲಿ ಅಲ್ವಾ?

ಬಸ್ಸಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳು ಓಡಾಡುತ್ತಿದ್ದಾರೆ, ಬಹಳ ಒಳ್ಳೆಯದು. ಜನ ಜಾಸ್ತಿ ಆದ ಮೇಲೆ ಬಸ್ಸೂ ಜಾಸ್ತಿ ಆಗಬೇಕಲ್ಲ. ಬೆಳಗ್ಗೆ ಕಾಲೇಜಿಗೆ ಹೋಗುವ ಮಕ್ಕಳು ಬಾಗಿಲಲ್ಲಿ ನೇತಾಡುತ್ತಾರೆ. 2023ರ ಜೂನ್‌ಗೆ ಮೊದಲು ನಮ್ಮ ಡಿಪೋದಿಂದ ಎಷ್ಟು ಶೆಡ್ಯೂಲ್ ಓಡುತ್ತಿದ್ದವು, ಈಗ ಎಷ್ಟು ಓಡುತ್ತಿವೆ, ಕೈಬಿಟ್ಟ ಟ್ರಿಪ್‌ಗಳು ಯಾವುವು? ಸಾರಿಗೆ ಸಚಿವರಿಗೆ ಇಷ್ಟು ಸಾಕು.

ರಸ್ತೆ ಪ್ರಶ್ನೆ ಕೇಳುವಾಗ ಮಾತ್ರ ಹುಷಾರು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಪ್ರಶ್ನೆ ಒಂದು ಇಲಾಖೆ ತಪ್ಪಿದರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅನ್ನುವ ಒಂದೇ ಸಾಲಿನಲ್ಲಿ ಅಧಿವೇಶನ ಮುಗಿದುಹೋಗುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ ಆದರೆ ಐದು ವರ್ಷದ ನಿರ್ವಹಣೆ ಗುತ್ತಿಗೆದಾರರದ್ದೇ. ಗುಂಡಿ ಬಿದ್ದ ರಸ್ತೆಗೆ ಹೊಸ ಅನುದಾನ ಕೇಳುವ ಮೊದಲು ಅದು ಯಾವ ಯೋಜನೆಯಲ್ಲಿ ಯಾವ ವರ್ಷ ಆದದ್ದು ಅಂತ ನೋಡಿಸಿ. ಇಲ್ಲದಿದ್ದರೆ ಒಂದೇ ರಸ್ತೆಗೆ ಎರಡೆರಡು ಸಲ ದುಡ್ಡು ಕೊಟ್ಟಂತಾಗುತ್ತದೆ.

ದೊಡ್ಡ ಲೆಕ್ಕವೂ ಒಂದಿದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ 21 ನಮ್ಮ ಭಾಗದವು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅದರ ಹಿಂದೆಯೇ ಪ್ರತ್ಯೇಕ ಮಂಡಳಿ ಬಂತು. ಈಚಿನ ಬಜೆಟ್‌ಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಘೋಷಿಸಿದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು ಅಂತ ಮೂರು ಕಾಲಂ ಮಾಡಿ ತಾಲ್ಲೂಕುವಾರು ಕೇಳಿ. ನಮ್ಮ ಭಾಗದ 41 ಶಾಸಕರೂ ಪಕ್ಷ ಬಿಟ್ಟು ಇದೊಂದೇ ಪ್ರಶ್ನೆಯನ್ನು ತಮ್ಮ ತಮ್ಮ ತಾಲ್ಲೂಕಿಗೆ ಕೇಳಿದರೆ ಇಡೀ ಪ್ರದೇಶದ ಚಿತ್ರ ಒಂದೇ ವಾರದಲ್ಲಿ ಮೇಜಿನ ಮೇಲೆ ಬರುತ್ತದೆ.

ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಬರದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಲಿಖಿತ ಉತ್ತರವೂ ಉತ್ತರವೇ. ತುರ್ತು ವಿಷಯಕ್ಕೆ ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ. ಆದರೆ ‘ಮೂರು ತಿಂಗಳಲ್ಲಿ ಮಾಡಿಸುತ್ತೇನೆ’ ಅಂತ ಸಚಿವರು ಸದನದಲ್ಲಿ ಅಂದಾಗ ಬೆಂಚು ತಟ್ಟಿ ಕೂತುಬಿಡಬೇಡಿ. ಸರ್ಕಾರಿ ಭರವಸೆಗಳ ಸಮಿತಿ ಇರುವುದೇ ಅಂಥ ಮಾತುಗಳ ಬೆನ್ನು ಹತ್ತಲಿಕ್ಕೆ. ನಮ್ಮ ಕ್ಷೇತ್ರದ ಬಗ್ಗೆ ಕೊಟ್ಟ ಯಾವ ಯಾವ ಭರವಸೆ ಆ ಸಮಿತಿಯ ಮುಂದೆ ಬಾಕಿ ಇದೆ ಅಂತ ನಿಮ್ಮ ಆಪ್ತ ಸಹಾಯಕರಿಂದ ಒಂದು ಪಟ್ಟಿ ತೆಗೆಸಿ. ನಮಗೂ ಒಂದು ಪ್ರತಿ ಕೊಡಿ.

ನಮ್ಮ ಜನ ನೀವು ಎಷ್ಟು ಮದುವೆಗೆ ಬಂದಿರಿ ಅಂತ ಎಣಿಸುತ್ತಾರೆ, ಎಷ್ಟು ಪ್ರಶ್ನೆ ಕೇಳಿದಿರಿ ಅಂತ ಎಣಿಸುವುದಿಲ್ಲ. ಗೊತ್ತು. ಅಧಿವೇಶನ ನಡೆಯುವಾಗಲೂ ಫೋನ್ ಮಾಡಿ ವರ್ಗಾವಣೆ ಮಾಡಿಸಿ ಅನ್ನುತ್ತಾರೆ. ಆ ಎರಡು ವಾರ ಫೋನ್ ಎತ್ತದಿದ್ದರೂ ನಾನಂತೂ ನಿಮ್ಮ ಪರವಾಗಿಯೇ ಮಾತಾಡುತ್ತೇನೆ.

ಮಾಹಿತಿ ಬೇಕಿದ್ದರೆ ನಾವು ಕೊಡುತ್ತೇವೆ. ನೀರು ಬಾರದ ಓಣಿಗಳು, ನಿಂತುಹೋದ ಬಸ್ ಟ್ರಿಪ್‌ಗಳು, ಆರೋಗ್ಯ ಕೇಂದ್ರಗಳಲ್ಲಿ ನಿಜಕ್ಕೂ ಕೂರುವವರ ಸಂಖ್ಯೆ, ಇವನ್ನು ಊರೂರಿನ ಹುಡುಗರು ಸೇರಿ ಬರೆದಿಡುತ್ತಿದ್ದಾರೆ. ಪ್ರಶ್ನೆಗಳ ಸೂಚನೆ ಕೊಡುವ ಕೊನೆಯ ದಿನ ಯಾವುದು ಅಂತ ನಿಮ್ಮ ಕಚೇರಿಯಿಂದ ತಿಳಿಸಿದರೆ ಅದಕ್ಕೆ ಮೊದಲೇ ತಂದುಕೊಡುತ್ತೇವೆ. ಸಚಿವರ ಉತ್ತರ ಬಂದ ಮೇಲೆ ಅದರ ಒಂದೊಂದು ಪ್ರತಿಯನ್ನು ಎಲ್ಲ ಗ್ರಾಮ ಪಂಚಾಯಿತಿಗಳ ನೋಟಿಸ್ ಬೋರ್ಡಿಗೆ ಹಾಕಿಸಿ. ಉತ್ತರ ಸರಿಯೋ ತಪ್ಪೋ ಅಂತ ಮುಂದಿನ ಗ್ರಾಮಸಭೆಯಲ್ಲಿ ನಾವೇ ಓದಿ ನೋಡಿ ನಿಮಗೆ ಬರೆದು ಕಳಿಸುತ್ತೇವೆ. ಬಜೆಟ್ ಅಧಿವೇಶನದ ಉಪಪ್ರಶ್ನೆಗಳಿಗೆ ಅದು ಬೇಕಾಗುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ