ಪತ್ತೇದಾರಿ ಕಪಾಟಿಗೆ ಇನ್ನು ದಿನಬಾಡಿಗೆ ಇಲ್ಲ

ಕೊಪ್ಪಳ

ಮಾನ್ಯ ಓದುಗರೇ,

ಮೊದಲು ರೊಕ್ಕದ ಮಾತು ಮುಗಿಸಿಬಿಡುತ್ತೇನೆ. ಮುಂದಿನ ತಿಂಗಳು 1ನೇ ತಾರೀಖಿನಿಂದ ನಮ್ಮ ಅಂಗಡಿಯ ಪತ್ತೇದಾರಿ ಕಪಾಟಿನ ಪುಸ್ತಕಗಳಿಗೆ ದಿನಕ್ಕೆ 3 ರೂಪಾಯಿ ಬಾಡಿಗೆ ಇರುವುದಿಲ್ಲ. ಪುಸ್ತಕವೊಂದಕ್ಕೆ 15 ರೂಪಾಯಿ. 15 ದಿನ ನಿಮ್ಮ ಮನೆಯಲ್ಲಿರಲಿ. ಸಾಮಾಜಿಕ ಕಾದಂಬರಿ, ಮಕ್ಕಳ ಪುಸ್ತಕ, ವಾರಪತ್ರಿಕೆಗಳಿಗೆ ಹಳೆಯ ದರವೇ. ಸಿನಿಮಾ ಡಿಸ್ಕ್ ಬಾಡಿಗೆಗೆ ಕೊಡುವುದನ್ನು ಅದೇ ದಿನದಿಂದ ಪೂರ್ತಿ ನಿಲ್ಲಿಸುತ್ತಿದ್ದೇವೆ. ಡಿಸ್ಕಿಗೆಂದು ಕಟ್ಟಿದ್ದ 200 ರೂಪಾಯಿ ಠೇವಣಿ ವಾಪಸ್ ಒಯ್ಯಿರಿ. ರಸೀದಿ ಕಳೆದಿದ್ದರೂ ಚಿಂತೆಯಿಲ್ಲ, ಅಪ್ಪ ಬರೆದಿಟ್ಟ ವಹಿಯಲ್ಲಿ ನಿಮ್ಮ ಹೆಸರು ಇದ್ದೇ ಇದೆ.

ದಿನಬಾಡಿಗೆ ಬಿಟ್ಟದ್ದರ ಹಿಂದೆ ಒಂದು ಪ್ರಕರಣವಿದೆ. ಕೊಲೆಯಲ್ಲ, ಕಳವೂ ಅಲ್ಲ. ಆದರೂ ಅಪರಾಧವೇ.

ಕಳೆದ ಬೇಸಿಗೆಯಲ್ಲಿ ಭಾಗ್ಯನಗರದ ನಿವೃತ್ತ ಮಾಸ್ತರರೊಬ್ಬರು ಪುಸ್ತಕವನ್ನು ಕೌಂಟರ್ ಮೇಲೆ ಧಪ್ಪನೆ ಇಟ್ಟು ಒಂಬತ್ತನೇ ಪುಟ ತೆರೆದು ತೋರಿಸಿದರು. ಅಲ್ಲಿ ಒಂದು ಪಾತ್ರದ ಹೆಸರು ಮೊದಲ ಸಲ ಬರುತ್ತದೆ. ಅದರ ಮಗ್ಗುಲಿಗೆ ಪೆನ್ಸಿಲಿನಲ್ಲಿ ಜೋಳದ ಕಾಳಿನಷ್ಟು ಸಣ್ಣ ಗುಣಾಕಾರದ ಗುರುತು. ‘ಇದೇನಂತ ಮೊದಲ ತಿಳೀಲಿಲ್ಲರಿ. ಇಪ್ಪತ್ತನೇ ಪುಟಕ್ಕ ಸಂಶೆ ಬಂತು, ಇನ್ನೂರಾ ನಲವತ್ತಕ್ಕ ಖರೇ ಆತು’ ಅಂದರು. ಬಾಡಿಗೆ ತಗೊಳ್ಳದೆ ಕೈಮುಗಿದೆ.

ಆ ರಾತ್ರಿ ಶಟರ್ ಎಳೆದು ಕಪಾಟು ಪೂರ್ತಿ ಕೆಳಗಿಳಿಸಿದೆ. ಹನ್ನೊಂದು ಪುಸ್ತಕಗಳಲ್ಲಿ ಕೊಲೆಗಾರನ ಹೆಸರಿನ ಮಗ್ಗುಲಿಗೇ ಅದೇ ಗುರುತು, ಎಲ್ಲವೂ ಮೊದಲ ಮೂವತ್ತು ಪುಟದೊಳಗೆ. ಅದರಲ್ಲೇನೂ ಆಶ್ಚರ್ಯವಿಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾನೂ ಪತ್ತೇದಾರಿ ಬರೆಯುತ್ತಿದ್ದವನು, ಈ ಆಟಕ್ಕೆ ಹತ್ತು ಕಟ್ಟಳೆ ಹಾಕಿಕೊಟ್ಟ. ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದಲ್ಲೇ ಬಂದಿರಬೇಕು ಎಂಬುದು ಮೊದಲನೆಯದು. ಕಡೆಯ ಪುಟದಲ್ಲಿ ಎಲ್ಲಿಂದಲೋ ಒಬ್ಬ ಹೊಸಬನನ್ನು ಎಳೆತಂದು ನಿಲ್ಲಿಸುವುದು ಓದುಗನಿಗೆ ಮಾಡುವ ಮೋಸ. ಗುರುತು ಹಾಕಿದವನಿಗೆ ಆ ಪಾದ್ರಿ ಗೊತ್ತಿರಲಿಕ್ಕಿಲ್ಲ, ಕಟ್ಟಳೆ ಮಾತ್ರ ಅವನ ಪೆನ್ಸಿಲಿಗೆ ಸರಿಯಾಗಿ ಸಿಕ್ಕಿತ್ತು.

ಆಮೇಲೆ ವಹಿ ತೆಗೆದೆ. ಹನ್ನೊಂದನ್ನೂ ಒಯ್ದವರು ಮೂವರು. ಇಬ್ಬರು ಒಂದೊಂದು ಪುಸ್ತಕವನ್ನು ವಾರಗಟ್ಟಲೆ ಇಟ್ಟುಕೊಳ್ಳುವವರು. ಮೂರನೆಯವನು ಹನ್ನೊಂದನ್ನೂ ಮರುದಿನವೇ ತಂದುಕೊಟ್ಟಿದ್ದ. ಕಾಲೇಜು ಹುಡುಗ. ಕರೆದು ಕೇಳಿದರೆ ಸುಳ್ಳು ಹೇಳಲಿಲ್ಲ, ನಕ್ಕ. ‘ದಿನಕ್ಕ ಮೂರು ರೂಪಾಯಿ ಅಂದ್ರ ಏನ್ ಕಮ್ಮೀನ್ರಿ ಅಣ್ಣಾರ? ಕಡೀ ಅಧ್ಯಾಯ ಮೊದಲ ಓದಿ, ಅಂವಗ ಒಂದ್ ಗುರ್ತು ಹಾಕ್ತಿದ್ದೆ. ನಡುವಿಂದು ಲಗೂನ ಓಡ್ತದ.’

ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಪೆನ್ಸಿಲ್ ಅವನದು, ಅದನ್ನು ಕೈಗೆ ಕೊಟ್ಟದ್ದು ನಮ್ಮ ದರಪಟ್ಟಿ. ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರ ಪುರುಷೋತ್ತಮ ಬಂದು ತನಿಖೆ ಮಾಡಿದ್ದರೂ ಕೊನೆಗೆ ನನ್ನ ಗಲ್ಲೆಯ ಮುಂದೆಯೇ ನಿಲ್ಲುತ್ತಿದ್ದ.

ಹೋಗುವಾಗ ಹುಡುಗ ಇನ್ನೊಂದು ಮಾತು ಹೇಳಿದ. ಕೊಲೆಗಾರ ಗೊತ್ತಿದ್ದು ಓದಿದರೆ ಲೇಖಕ ಎಲ್ಲೆಲ್ಲಿ ನಮ್ಮ ಕಣ್ಣಿಗೆ ಮಣ್ಣು ಎರಚಿದ್ದಾನೆ ಅಂತ ಕಾಣಿಸುತ್ತದೆ, ಅದೇ ಹೆಚ್ಚು ಮಜಾ ಅಂತ. ನಾನೂ ಪ್ರಯೋಗ ಮಾಡಿದೆ. ಅಗಾಥಾ ಕ್ರಿಸ್ಟಿಯ ಒಂದು ಹಳೆಯ ಕಾದಂಬರಿ ಎತ್ತಿಕೊಂಡೆ, ಹೆಸರು ಹೇಳುವುದಿಲ್ಲ. ಮೊದಲ ಓದಿನಲ್ಲಿ ಹಾಗೇ ದಾಟಿಹೋಗಿದ್ದ ಒಂದು ಸಾಲು ಈ ಸಲ ಚುಚ್ಚಿತು. ಸಾಲು ಖರೇನೇ ಹೇಳುತ್ತದೆ, ಒಂದಕ್ಷರ ಸುಳ್ಳಿಲ್ಲ. ತಪ್ಪು ತಿಳಿದುಕೊಂಡವನು ನಾನು. ಇದಕ್ಕೆ ಎರಡು ಓದು ಬೇಕು, ಎರಡು ಓದಿಗೆ ಹದಿನೈದು ದಿನ ಬೇಕು. ಹುಡುಗ ಮಾಡಿದ್ದರಲ್ಲಿ ತಪ್ಪೆಂದರೆ ಮೊದಲ ಓದನ್ನೇ ಹಾರಿಸಿದ್ದು, ಮತ್ತು ಮಾಸ್ತರರದನ್ನೂ ಹಾರಿಸಿದ್ದು.

ಒಂದೇ ರಾತ್ರಿ ಕೂತು ಮುಗಿಸುವವರಿಗೆ ಹೊಸ ದರ ತುಟ್ಟಿ ಬೀಳುತ್ತದೆ. ಐದು ದಿನಕ್ಕಿಂತ ಮೊದಲು ಮರಳಿಸುವ ಎಲ್ಲರಿಗೂ ಅಷ್ಟೋ ಇಷ್ಟೋ ನಷ್ಟ. ಗೊತ್ತಿದೆ. ಅವರಿಗೆಂದು ಬೇರೆ ರಿಯಾಯಿತಿ ಇಟ್ಟರೆ ಮತ್ತೆ ಗುಣಾಕಾರ ಶುರುವಾಗುತ್ತದೆ, ಅದಕ್ಕೇ ಇಡುತ್ತಿಲ್ಲ.

ಇನ್ನು ಡಿಸ್ಕ್. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ತಗಡಿನ ಮಾಡಿನ ಕೆಳಗೆ ಕೊಪ್ಪಳದ ಬಿಸಿಲು ಅಷ್ಟು ವರ್ಷ ತಿಂದ ಡಿಸ್ಕುಗಳನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು, ಬೆಳಕು ಈ ಕಡೆಯಿಂದ ಆ ಕಡೆಗೆ. ಚೆನ್ನಾಗಿರುವವನ್ನೂ ಹಾಕಲು ಪ್ಲೇಯರ್ ಯಾರ ಮನೆಯಲ್ಲಿದೆ? ಕಳೆದ ಆರು ತಿಂಗಳಲ್ಲಿ ಡಿಸ್ಕ್ ಒಯ್ದವರು ನಾಲ್ಕು ಮಂದಿ, ಅದರಲ್ಲಿ ಒಬ್ಬರು ನಮ್ಮ ಮಾವ.

ಆದರೂ ನಮ್ಮಲ್ಲಿ ಬಹಳ ಮಂದಿ ಎರಡನೇ ಓದು ಕಲಿತದ್ದು ಪರದೆಯ ಮೇಲೆಯೇ. 1993ರಲ್ಲಿ, ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ತಾಲ್ಲೂಕಾಗಿದ್ದಾಗ, ದೂರದರ್ಶನದಲ್ಲಿ ಬಾಸು ಚಟರ್ಜಿಯವರ ಪತ್ತೇದಾರಿ ಧಾರಾವಾಹಿ ಬ್ಯೋಮಕೇಶ್ ಬಕ್ಷಿ ಬರುತ್ತಿತ್ತು. ರಜಿತ್ ಕಪೂರ್ ಧೋತಿ ಉಟ್ಟು, ದನಿ ಏರಿಸದೆ, ಎದುರಿಗಿದ್ದವನನ್ನು ಸುಮ್ಮನೆ ನೋಡುತ್ತಿದ್ದರು. ಗುಟ್ಟು ಬಿಚ್ಚುವ ಹೊತ್ತಿಗೆ ನಮ್ಮ ಓಣಿಯಲ್ಲಿ ಕರೆಂಟ್ ಹೋಗುವುದು. ಮರುದಿನ ಅಂಗಡಿಗೆ ಬಂದವರು ಕೊಲೆಗಾರ ಯಾರೆಂದು ಅಪ್ಪನನ್ನೇ ಕೇಳುತ್ತಿದ್ದರು, ನಮ್ಮ ಮನೆಯಲ್ಲೇನೋ ಇನ್ವರ್ಟರ್ ಇದ್ದ ಹಾಗೆ.

ಇಂಗ್ಲಿಷ್ ಡಿಸ್ಕುಗಳನ್ನು ಇಲ್ಲಿನವರು ಒಯ್ಯುತ್ತಿದ್ದದ್ದು ಪುಸ್ತಕ ಓದಿದ ಮೇಲೆ, ಮಾತು ಹಿಡಿಯಲು ಸುಲಭವೆಂದು. ಅಂತ್ಯ ಗೊತ್ತಿದ್ದೇ ನೋಡುವುದು. ಆಗ ಮುಖ ನೋಡಲು ಪುರುಸೊತ್ತು ಸಿಗುತ್ತದೆ. ಕ್ರಿಸ್ಟಿಯ ಕಾದಂಬರಿಯಿಂದ ಮಾಡಿದ 1974ರ ಓರಿಯಂಟ್ ಎಕ್ಸ್‌ಪ್ರೆಸ್ ಸಿನಿಮಾದಲ್ಲಿ ಇಂಗ್ರಿಡ್ ಬರ್ಗ್‌ಮನ್‌ರನ್ನು ಪತ್ತೇದಾರ ಪೊಯಿರೊ ವಿಚಾರಿಸುವುದನ್ನು ನಿರ್ದೇಶಕ ಸಿಡ್ನಿ ಲೂಮೆಟ್ ನಡುವೆ ಕತ್ತರಿಸದೆ ಒಂದೇ ಉದ್ದದ ಶಾಟ್‌ನಲ್ಲಿ ತೆಗೆದಿದ್ದಾರೆ. ಆ ಪಾತ್ರಕ್ಕೆ ಬರ್ಗ್‌ಮನ್‌ರಿಗೆ ಆಸ್ಕರ್ ಬಂತು. ಮೊದಲ ಸಲ ಉತ್ತರ ಕೇಳುತ್ತೀರಿ. ಎರಡನೇ ಸಲ ಆ ಕಣ್ಣು ಎಲ್ಲಿ ತಪ್ಪಿಸಿಕೊಳ್ಳುತ್ತದೆ ಎಂದು ನೋಡುತ್ತೀರಿ. ಜೋನ್ ಹಿಕ್ಸನ್ ಬಿಬಿಸಿಗೆ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಿ, ಅಜ್ಜಿ ಮಿಸ್ ಮಾರ್ಪಲ್ ಆಗಿ ನಿಂತಾಗ ಅವರಿಗೆ 78 ವರ್ಷ. 1984ರಿಂದ 1992ರವರೆಗೆ ಮಾರ್ಪಲ್‌ಳ ಹನ್ನೆರಡು ಕಾದಂಬರಿಗಳನ್ನೂ ಮುಗಿಸಿದರು. ಕೋಣೆಯ ಮೂಲೆಯಲ್ಲಿ ಕೂತು ಹೆಣೆಯುವ ಆ ಅಜ್ಜಿ ನಮ್ಮ ಓಣಿಯ ಕಟ್ಟೆಯ ಮೇಲೂ ಒಬ್ಬರಿದ್ದಾರೆ. ಡೇವಿಡ್ ಸೂಶೆ ಒಳ್ಳೆಯ ಪೊಯಿರೊ, ಟಿವಿಯಲ್ಲಿ 70 ಕಂತು ಆಡಿದವರು. ಆದರೂ ಅಜ್ಜಿಯೇ ಒಂದು ಕೈ ಮೇಲು ಅಂತ ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಸಂಜೆ ಐದರ ಮೇಲೆ ಬನ್ನಿ.

ಸರಿಯಾಗಿ ಓಡುವ ಡಿಸ್ಕುಗಳನ್ನು ತಲಾ 20 ರೂಪಾಯಿಗೆ ಮಾರುತ್ತೇವೆ, ಗ್ಯಾರಂಟಿ ಇಲ್ಲ. ತೆರವಾಗುವ ರ‍್ಯಾಕಿನಲ್ಲಿ ನರಸಿಂಹಯ್ಯ, ಟಿ.ಕೆ. ರಾಮರಾವ್ ಅವರ ಹಳೆಯ ಪ್ರತಿಗಳು ಕೂರುತ್ತವೆ. ಮಡಚಿದರೆ ಹಪ್ಪಳದಂತೆ ಮುರಿಯುವ ಕಾಗದ, ಹಾಗಾಗಿ ಇವು ಮನೆಗಿಲ್ಲ. ಬೆಂಚು ಹಾಕಿಸಿದ್ದೇನೆ, ಫ್ಯಾನ್ ಇದೆ, ಇಲ್ಲೇ ಕೂತು ಓದಲು ರೊಕ್ಕ ಬೇಡ.

ಹನ್ನೊಂದರಲ್ಲಿ ಒಂಬತ್ತು ಪುಸ್ತಕಗಳ ಗುರುತನ್ನು ಹುಡುಗನೇ ಬಂದು ರಬ್ಬರಿನಿಂದ ಅಳಿಸಿಕೊಟ್ಟ. ಎರಡರಲ್ಲಿ ಅವಸರಕ್ಕೆ ಬಾಲ್‌ಪೆನ್ನು ಬಳಸಿದ್ದಾನೆ, ಹೋಗುವುದಿಲ್ಲ. ಆ ಎರಡನ್ನು ಕೌಂಟರಿನ ಕೆಳಗೆ ಇಟ್ಟಿದ್ದೇನೆ. ಕೇಳಿ ಒಯ್ಯುವವರಿಗೆ ಬಾಡಿಗೆ ಇಲ್ಲ. ಒಂದನ್ನು ಈಗಾಗಲೇ ಭಾಗ್ಯನಗರದ ಮಾಸ್ತರರು ಒಯ್ದಿದ್ದಾರೆ.

ನಿಮ್ಮ,
ಅಂಗಡಿಯವ