ಪೋಷಕರಿಗೆ ಪತ್ರ: ಒಹಾಕಾದಲ್ಲಿರುವ ನಮ್ಮ ಮಕ್ಕಳು ಮತ್ತು ನವೆಂಬರ್ ಹಬ್ಬ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ವಿದ್ಯಾರ್ಥಿ ವಿನಿಮಯದಲ್ಲಿ ಮೆಕ್ಸಿಕೊದ ಒಹಾಕಾಕ್ಕೆ ಹೋಗಿರುವ ನಮ್ಮ ಮಕ್ಕಳು ಚೆನ್ನಾಗಿದ್ದಾರೆ. ನಿಮಗೂ ಫೋನ್ ಬರುತ್ತಲೇ ಇದೆ, ಅದನ್ನು ಬೆಳೆಸುವುದಿಲ್ಲ. ತೀರಿಹೋದವರನ್ನು ನೆನೆಯುವ ಅಲ್ಲಿನ ನವೆಂಬರ್ ಹಬ್ಬದಲ್ಲಿ ನಮ್ಮ ಮಕ್ಕಳು ಸೇರಬೇಕೆ, ಅದಕ್ಕೆ ನಮ್ಮ ಹಿರಿಯರ ಫೋಟೊ ಕಳಿಸಬೇಕೆ ಎಂದು ಶನಿವಾರದ ಸಭೆಯಲ್ಲಿ ಎದ್ದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲು ಸಮಯ ಸಾಲಲಿಲ್ಲ. ಅದಕ್ಕೇ ಈ ಪತ್ರ.

ನವೆಂಬರ್ 1 ಮತ್ತು 2 ಕಥೋಲಿಕರು ಸಂತರನ್ನೂ ತೀರಿಹೋದವರನ್ನೂ ನೆನೆಯುವ ದಿನಗಳು. ಮೆಕ್ಸಿಕೊದಲ್ಲಿ ಇದು ಅಲ್ಲಿನ ಮೂಲನಿವಾಸಿಗಳ ಆಚರಣೆಗಳೊಂದಿಗೆ ಬೆರೆತು ಮನೆಮನೆಯ ಹಬ್ಬವಾಗಿದೆ. 2008ರಲ್ಲಿ ಯುನೆಸ್ಕೊದ ಪರಂಪರೆಗಳ ಪಟ್ಟಿಗೂ ಸೇರಿದೆ. ಒಹಾಕಾದ ಮನೆಗಳಲ್ಲಿ ಮೇಜಿನ ಮೇಲೆ ಕಬ್ಬಿನ ಜಲ್ಲೆಯ ಕಮಾನು ಕಟ್ಟಿ, ಚೆಂಡುಹೂ, ಕೋಳಿಜುಟ್ಟು ಹೂಗಳಿಂದ ಸಿಂಗರಿಸಿ, ಹೋದವರ ಫೋಟೊಗಳ ಮುಂದೆ ನೀರು, ಉಪ್ಪು, ಹಬ್ಬದ ಬ್ರೆಡ್ಡು, ಚಾಕೊಲೇಟು, ಮೋಲೆ ಎಂಬ ಮಸಾಲೆ ಗೊಜ್ಜು ಇಡುತ್ತಾರೆ. ಅವರಿಗೆ ಇಷ್ಟವಿದ್ದದ್ದು ಸಿಗರೇಟಾದರೆ ಅದನ್ನೂ ಇಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ಬಂದಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಪೂಜೆಗೆ ತರುವ ಚೆಂಡುಹೂವೂ ಮೂಲತಃ ಅದೇ ನೆಲದ್ದು.

ಆ ಮೇಜಿನ ಮೇಲೆ ಶಿಲುಬೆ ಇರುತ್ತದೆ, ಗ್ವಾಡಲೂಪೆ ಮಾತೆ ಎಂದು ಅವರು ಕರೆಯುವ ಮೇರಿ ಮಾತೆಯ ಚಿತ್ರವೂ ಇರುತ್ತದೆ. ಮಕ್ಕಳನ್ನು ಇರಿಸಿಕೊಂಡಿರುವ ಕುಟುಂಬಗಳು ನಿಮ್ಮ ಮನೆಯ ತೀರಿಕೊಂಡ ಹಿರಿಯರೊಬ್ಬರ ಫೋಟೊ ಕೇಳಿದ್ದು ಅಲ್ಲಿಡಲು. "ನಮ್ಮ ತಂದೆಯ ಫೋಟೊ ಶಿಲುಬೆಯ ಪಕ್ಕ ಯಾಕೆ?" ಎಂದು ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದು ಶ್ರಾದ್ಧವಲ್ಲ. ನಿಮ್ಮ ಮನೆಯ ತಿಥಿ, ತರ್ಪಣ ನಿಮ್ಮ ಮನೆಯಲ್ಲೇ, ನಿಮ್ಮ ಕೈಯಿಂದಲೇ ನಡೆಯುತ್ತದೆ. ಅದಕ್ಕೆ ಯಾರೂ ಕೈಹಾಕುತ್ತಿಲ್ಲ. ಮಗುವೊಂದು ತಮ್ಮ ಮನೆಯಲ್ಲಿ ಇರುವಾಗ ಅದರ ಅಜ್ಜನನ್ನೋ ಅಜ್ಜಿಯನ್ನೋ ಬಿಟ್ಟು ತಮ್ಮವರನ್ನಷ್ಟೇ ಕೂರಿಸುವುದು ಆ ಮನೆಯವರಿಗೆ ಸರಿ ಕಾಣುತ್ತಿಲ್ಲ. ಇದು ಮರ್ಯಾದೆ ಎಂದೇ ನನ್ನ ತಿಳುವಳಿಕೆ. ಇಷ್ಟು ಹೇಳಿದ ಮೇಲೂ ಮನಸ್ಸು ಒಪ್ಪದಿದ್ದರೆ ಫೋಟೊ ಕಳಿಸಬೇಡಿ. ಯಾರೂ ಕಾರಣ ಕೇಳುವುದಿಲ್ಲ, ಮಗುವನ್ನು ಬೇರೆಯಾಗಿ ನೋಡುವುದೂ ಇಲ್ಲ.

ಮತಾಂತರದ ಮಾತೂ ಬಂತು. ಚರ್ಚಿನ ಪೂಜೆಗೆ ಹೋಗುವುದು ಬಿಡುವುದು ಮಗುವಿನ ಮತ್ತು ನಿಮ್ಮ ಇಷ್ಟ. ದೀಕ್ಷಾಸ್ನಾನ (ಕ್ರೈಸ್ತರಾಗುವ ವಿಧಿ) ಆಗದವರಿಗೆ ಪರಮಪ್ರಸಾದ (ಪೂಜೆಯಲ್ಲಿ ಹಂಚುವ ರೊಟ್ಟಿ) ಕೊಡುವ ಪದ್ಧತಿಯೇ ಅವರಲ್ಲಿಲ್ಲ. ಇನ್ನು, ತಲೆಬುರುಡೆಯ ಬಣ್ಣ ಬಳಿದುಕೊಂಡವರ ಮೆರವಣಿಗೆಯ ವಿಡಿಯೊ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಅದು ಅಲ್ಲಿನ ರಾಜಧಾನಿ ಮೆಕ್ಸಿಕೊ ಸಿಟಿಯಲ್ಲಿ 2016ರಿಂದ ನಡೆಯುತ್ತಿರುವುದು. ನಮ್ಮ ಮಕ್ಕಳಿರುವುದು ಅಲ್ಲಲ್ಲ.

ಹಬ್ಬದ ರಾತ್ರಿ ಮಕ್ಕಳು ಆ ಕುಟುಂಬಗಳ ಜೊತೆ ಸಮಾಧಿಗಳ ಬಳಿ ಕೂರುವ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಅಂದು ಮನೆಮಂದಿಯೆಲ್ಲ, ಕೂಸುಗಳಿಂದ ಮುದುಕರವರೆಗೆ, ಮೇಣದಬತ್ತಿ ಹಚ್ಚಿ, ಬುತ್ತಿ ಬಿಚ್ಚಿ, ಹಾಡುತ್ತ ಅಲ್ಲಿರುತ್ತಾರೆ. ನಮ್ಮ ಮಂಗಳೂರಿನ ಕಥೋಲಿಕರೂ ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಅಶೌಚದ ಅಳುಕಿರುವವರಿಗೆ: ಹಿಂದಿರುಗಿದ ಮೇಲೆ ಸ್ನಾನ ಮಾಡಲು ಮಕ್ಕಳಿಗೆ ಹೇಳಿದ್ದೇವೆ. ಆದರೆ ಮಗುವನ್ನು ಆ ಎರಡು ದಿನ ಹೋಟೆಲಿನಲ್ಲಿ ಇರಿಸಿ ಎಂಬ ಕೋರಿಕೆಗೆ ಒಪ್ಪಲಾರೆ. ಎರಡು ತಿಂಗಳಿಂದ ತಮ್ಮ ಮಕ್ಕಳ ಜೊತೆ ಊಟಕ್ಕೆ ಕೂರಿಸಿಕೊಂಡವರಿಗೆ ಹಬ್ಬದ ದಿನ ಹಾಗೆ ಮಾಡುವುದು ಸಲ್ಲದು. ಖಾಲಿ ಮನೆಯಲ್ಲೋ ಹೋಟೆಲಿನಲ್ಲೋ ಒಂಟಿಯಾಗಿರುವುದಕ್ಕಿಂತ ಆ ಕುಟುಂಬದ ನಡುವೆ ಇರುವುದೇ ಮಗುವಿಗೆ ಕ್ಷೇಮ. ನಮ್ಮ ಶಿಕ್ಷಕರೊಬ್ಬರು ಜೊತೆಗೇ ಇರುತ್ತಾರೆ. ಭಯಪಟ್ಟ ಮಗುವನ್ನು ಅವರು ಕೂಡಲೇ ಮನೆಗೆ ಕರೆತಂದು ಜೊತೆಯಲ್ಲೇ ಉಳಿಯುತ್ತಾರೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ದಯವಿಟ್ಟು ಈ ಒಂದು ವಿಷಯದಲ್ಲಿ ನಮ್ಮನ್ನು ನಂಬಿ.

ಅಕ್ಟೋಬರ್ 24ರೊಳಗೆ ತರಗತಿ ಶಿಕ್ಷಕಿಗೆ ಒಂದು ಫೋಟೊ ಅಥವಾ "ಬೇಡ" ಎಂಬ ಸಂದೇಶ ಕಳುಹಿಸಿ. ಬದುಕಿರುವವರ ಫೋಟೊ ಅಲ್ಲಿಡುವುದು ಅಪಶಕುನ ಎಂದು ಅವರೂ ನಂಬುತ್ತಾರೆ. ಹಾಗಾಗಿ ಮದುವೆಯ ಗುಂಪು ಫೋಟೊ ಬೇಡ, ಹಿರಿಯರೊಬ್ಬರೇ ಇರುವುದನ್ನು ಆರಿಸಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ